ಹಳೆ ಗಾಳದ ರೀಲಿನಿಂದ ಸವೆದ ನಿಕ್ಕಲ್ ತೆಗೆಯುವುದು: ನನ್ನ ಅನುಭವ

ಹೆಬ್ಬೆರಳು ತಾಗುವ ಕಡೆಯೆಲ್ಲ ಹಿತ್ತಾಳೆಯ ಹಳದಿ, ಪಕ್ಕತಟ್ಟೆಗಳನ್ನು ಜೋಡಿಸುವ ಕಂಬಗಳ ಬುಡದಲ್ಲಿ ಹಸಿರು ಕಿಲುಬು, ಅಂಚಿನಲ್ಲಿ ಹಕ್ಕಳೆ ಎದ್ದ ನಿಕ್ಕಲ್. ಹಳೆ ಬೇಟ್‌ಕಾಸ್ಟಿಂಗ್ (ಗಾಳ ಬೀಸಿ ಎಸೆಯುವ) ರೀಲುಗಳು ಹೆಚ್ಚಾಗಿ ಈ ಸ್ಥಿತಿಯಲ್ಲೇ ಕೈಗೆ ಬರುತ್ತವೆ. ಪಾಲಿಶ್ ಹಾಕಿದಷ್ಟೂ ಹಳದಿ ಕಲೆ ಅಗಲವಾಗುತ್ತದೆಯೇ ಹೊರತು ಬಿಳಿ ಮರಳಿ ಬರುವುದಿಲ್ಲ. ಇಂಥವಕ್ಕೆ ಉಳಿದ ಲೇಪವನ್ನೂ ತೆಗೆದು ಬರಿ ಹಿತ್ತಾಳೆಗೆ ಇಳಿಸುತ್ತೇನೆ. ಮೂರರಲ್ಲಿ ಎರಡು ಪಾಲು ನಿಕ್ಕಲ್ ಗಟ್ಟಿಯಾಗಿ ಉಳಿದಿದ್ದರೆ ಮಾತ್ರ ಕೈ ಹಾಕುವುದಿಲ್ಲ. ಸಂಗ್ರಹಕಾರರಿಗೆ ಸವೆದ ಮೂಲ ಲೇಪವೇ ಹೊಳೆಯುವ ಹಿತ್ತಾಳೆಗಿಂತ ಮೇಲು. ಒಮ್ಮೆ ತೆಗೆದದ್ದನ್ನು ಮರಳಿ ತರಲಾಗದು.

ಮೊದಲ ಕೆಲಸ ಒಳಗಿನ ಲೋಹ ಯಾವುದೆಂದು ತಿಳಿಯುವುದು. ರೀಲನ್ನು ಕೋಲಿಗೆ ಕೂರಿಸುವ ಪಾದದ ಅಡಿಯಂಥ ಮರೆಯ ಜಾಗದಲ್ಲಿ ಸೂಜಿಮೊನೆಯಿಂದ ಕೂದಲೆಳೆಯಷ್ಟು ಗೀರಿ, ಭೂತಗನ್ನಡಿಯಲ್ಲಿ ನೋಡುತ್ತೇನೆ. ಹಳದಿ ಕಂಡರೆ ಹಿತ್ತಾಳೆ. ಬೂದು ಕಂಡು ತುಂಡು ಹಗುರವಾಗಿದ್ದರೆ ಅಲ್ಯೂಮಿನಿಯಂ, ಭಾರವಾಗಿದ್ದರೆ ಎರಕದ ಸತು. ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಉಕ್ಕು. ನಿಕ್ಕಲ್ಲಿಗೂ ಅಯಸ್ಕಾಂತದ ಸೆಳೆತ ಉಂಟು, ಆದರೆ ತೆಳು ಲೇಪದಲ್ಲಿ ಅದು ತೀರಾ ಕ್ಷೀಣ. ಮೋಸ ಹೋಗುವುದು ಎರಡು ಕಡೆ. ಸತುವಿನ ಮೇಲೆ ನಿಕ್ಕಲ್‌ಗಿಂತ ಮೊದಲು ತಾಮ್ರದ ಪದರ ಕೊಟ್ಟಿರುತ್ತಾರೆ. ಆ ಕೆಂಪನ್ನು ಕಂಡು ಹಿತ್ತಾಳೆಯೆಂದುಕೊಂಡು ಆಮ್ಲಕ್ಕೆ ಹಾಕಿದರೆ ತಾಮ್ರದ ಸೂಜಿರಂಧ್ರಗಳ ಮೂಲಕ ಸತು ಕರಗಿಹೋಗುತ್ತದೆ. ಇನ್ನೊಂದು ಜರ್ಮನ್ ಸಿಲ್ವರ್. ಅಮೆರಿಕದ ಕೆಂಟಕಿಯಲ್ಲಿ 19ನೇ ಶತಮಾನದಲ್ಲಿ ತಯಾರಾದ ಕೈಕೆಲಸದ ರೀಲುಗಳಲ್ಲಿ ಇದು ಸಾಮಾನ್ಯ. ತಾಮ್ರ, ಸತು, ನಿಕ್ಕಲ್ ಸೇರಿದ ಮಿಶ್ರಲೋಹ, ಮೇಲೂ ಒಳಗೂ ಒಂದೇ ಬಿಳಿ. ಗೀರಿದರೂ ಬಣ್ಣ ಬದಲಾಗದಿದ್ದರೆ ಅಲ್ಲಿ ತೆಗೆಯಲು ಲೇಪವೇ ಇಲ್ಲ; ಎಮರಿ ಪೇಪರನ್ನು ಕೆಳಗಿಡಿ.

ಬಿಚ್ಚುವಾಗ ಪ್ರತಿ ಹಂತಕ್ಕೂ ಫೋಟೋ, ಸ್ಕ್ರೂಗಳಿಗೆ ಅವುಗಳ ಸ್ಥಾನ ಬರೆದ ಕಾಗದ. ಹಳೆ ಸ್ಕ್ರೂಗಳ ಗೀಟು ಕಿರಿದು, ಗೋಡೆ ನೇರ. ಬೆಣೆಯಾಕಾರದ ಸ್ಕ್ರೂಡ್ರೈವರ್ ತುಟಿ ಹರಿದುಬಿಡುತ್ತದೆ. ತುದಿಯನ್ನು ಗೀಟಿನ ಅಳತೆಗೆ ಸಮಾನಾಂತರವಾಗಿ ಅರೆದುಕೊಳ್ಳುತ್ತೇನೆ. ಜಗ್ಗದ ಸ್ಕ್ರೂಗೆ ಒಂದು ಹನಿ ತುಕ್ಕು ಸಡಿಲಿಸುವ ಎಣ್ಣೆ, ಒಂದು ರಾತ್ರಿ ಬಿಡುವು. ಉಕ್ಕಿನ ಪಿನಿಯನ್ (ಸಣ್ಣ ಗೇರು), ಟಿಕ್ ಟಿಕ್ ಸದ್ದಿನ ಕ್ಲಿಕ್ ಸ್ಪ್ರಿಂಗ್, ದಾರವನ್ನು ಸಮನಾಗಿ ಹರಡುವ ವರ್ಮ್ ಶಾಫ್ಟ್, ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಪಕ್ಕತಟ್ಟೆಗಳು, ಅಗೇಟ್ ಕಲ್ಲು ಕೂರಿಸಿದ ಬೇರಿಂಗ್ ಮುಚ್ಚಳ ಇವೆಲ್ಲ ಬೇರೆ ಡಬ್ಬಿಗೆ. ಎಬೊನೈಟ್‌ಗೆ ಬಿಸಿನೀರು ಸೋಕಿದರೆ ಕಪ್ಪು ಹೋಗಿ ಕಂದು ಬಣ್ಣ ಬರುತ್ತದೆ.

ದಾರ ಸುತ್ತುವ ಸ್ಪೂಲಿನದೇ ತಕರಾರು. ಹಿತ್ತಾಳೆ ಸ್ಪೂಲಿನ ನಡುವೆ ಉಕ್ಕಿನ ಶಾಫ್ಟನ್ನು ಒತ್ತಿ ಕೂರಿಸಿರುತ್ತಾರೆ, ಅದನ್ನು ಹೊರಗೆ ತಳ್ಳಲು ಹೋಗಬಾರದು. ಹಾಗಾಗಿ ಸ್ಪೂಲನ್ನು ಆಮ್ಲಕ್ಕೆ ಹಾಕುವುದೇ ಇಲ್ಲ. ಶಾಫ್ಟಿಗೆ ಟೇಪ್ ಸುತ್ತಿ ಕೈಯಿಂದಲೇ ಉಜ್ಜುತ್ತೇನೆ.

ಇನ್ನು ಕ್ರೋಮ್. ಕೆಲವು ರೀಲುಗಳಲ್ಲಿ ನಿಕ್ಕಲ್ ಮೇಲೆ ಇದೂ ಇರುತ್ತದೆ. ಅಲಂಕಾರಕ್ಕೆಂದು ಕ್ರೋಮ್ ಹಾಕುವುದು ವ್ಯಾಪಾರಕ್ಕೆ ಬಂದದ್ದು 1920ರ ದಶಕದಲ್ಲಿ. ಅದಕ್ಕಿಂತ ಹಳೆಯ ರೀಲಿನ ಮೇಲೆ ನೀಲಿ ಛಾಯೆಯ ಹೊಳಪು ಕಂಡರೆ ಅದು ಆಮೇಲೆ ಯಾರೋ ಹಾಕಿಸಿದ್ದು. ಕ್ರೋಮ್ ಪದರ ಅರ್ಧ ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸು, ಅದರಡಿಯ ನಿಕ್ಕಲ್ ಅದರ ಹತ್ತಾರು ಪಟ್ಟು ದಪ್ಪ. ತೆಳುವಾದರೂ ಕ್ರೋಮ್ ಕಠಿಣ, ವಾಟರ್ ಪೇಪರನ್ನು (ಒದ್ದೆ ಮಾಡಿ ಉಜ್ಜುವ ಮರಳುಕಾಗದ) ಸತಾಯಿಸುತ್ತದೆ. ಹಿತ್ತಾಳೆ ತುಂಡುಗಳಿಗಷ್ಟೇ, ಕ್ರೋಮ್ ತೆಗೆಯುವುದಕ್ಕಷ್ಟೇ ಹೈಡ್ರೋಕ್ಲೋರಿಕ್ ಆಮ್ಲ ಬಳಸುತ್ತೇನೆ. ಎರಡು ಪಾಲು ನೀರಿಗೆ ಶೇ 30ರ ಆಮ್ಲ ಒಂದು ಪಾಲು; ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ. ಕೆಲಸ ಬಯಲಲ್ಲಿ. ನೈಟ್ರೈಲ್ ಕೈಗವಸು, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಬೇಕೇ ಬೇಕು. ಉಕ್ಕಿನ ಸಲಕರಣೆಗಳನ್ನು ಹತ್ತಿರ ಇಡಬೇಡಿ; ಆಮ್ಲದ ಹೊಗೆಗೆ ಮರುದಿನವೇ ತುಕ್ಕು ಹತ್ತಿರುತ್ತದೆ. ಬ್ಲೀಚ್ ಇದ್ದ ಪಾತ್ರೆಯಂತೂ ಕೂಡದು, ಕ್ಲೋರಿನ್ ಅನಿಲ ಏಳುತ್ತದೆ.

ತುಂಡಿನ ಮೇಲೆ ಲ್ಯಾಕರ್ ಅಥವಾ ಜಿಡ್ಡು ಉಳಿದಿದ್ದರೆ ಆಮ್ಲ ಹಿಡಿಯುವುದೇ ಇಲ್ಲ. ಮೊದಲು ಅಸಿಟೋನ್, ಆಮೇಲೆ ಪಾತ್ರೆ ತೊಳೆಯುವ ಸೋಪು. ಮುಳುಗಿಸಿದ ಮೇಲೂ ಏನೂ ಆಗದೆ ಕೂತರೆ ಗಾಬರಿ ಬೇಡ: ಕ್ರೋಮ್ ಮೇಲಿನ ಆಕ್ಸೈಡ್ ಪೊರೆ ತಡೆಯುತ್ತಿರುತ್ತದೆ. ಸತುವಿನ ತುಂಡೊಂದನ್ನು ಆಮ್ಲದೊಳಗೇ ತುಸು ಮುಟ್ಟಿಸಿದರೆ ಪೊರೆ ಒಡೆದು ನೊರೆ ಏಳುತ್ತದೆ, ದ್ರಾವಣ ಹಸಿರಾಗುತ್ತದೆ. ನೊರೆ ನಿಂತಾಗ ನೀಲಿ ಹೊಳಪಿನ ಜಾಗದಲ್ಲಿ ತುಸು ಹಳದಿ ಮಿಶ್ರಿತ ಬಿಳಿ ನಿಕ್ಕಲ್ ಇರುತ್ತದೆ. ಅಷ್ಟಕ್ಕೆ ಎತ್ತಿಬಿಡಬೇಕು. ಹತ್ತು ನಿಮಿಷ ನನ್ನ ಕೊನೆಯ ಗಡಿ. ಲೇಪ ಹರಿದ ಕಡೆಯ ಹಿತ್ತಾಳೆಯಿಂದ ಆಮ್ಲ ಸತುವನ್ನು ಎಳೆದುಕೊಳ್ಳುತ್ತ ಹೋಗುತ್ತದೆ, ಉಳಿಯುವುದು ರಂಧ್ರಮಯವಾದ ಗುಲಾಬಿ ತಾಮ್ರ. ಎತ್ತಿದ ಕೂಡಲೇ ಲೀಟರಿಗೆ 50 ಗ್ರಾಂ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ಅದ್ದಿ, ನೀರು ಬದಲಿಸುತ್ತ ತೊಳೆದು, ತಿರುಪಿನ ಎಳೆಗಳೊಳಗಿನ ಹನಿಯನ್ನೂ ಬಿಸಿಗಾಳಿಯಿಂದ ಒಣಗಿಸುತ್ತೇನೆ.

ಕಾಸ್ಟಿಕ್ ಸೋಡಾದಲ್ಲಿ ವಿದ್ಯುತ್ ಹಾಯಿಸಿ ಕ್ರೋಮ್ ಕಳಚುವ ವಿಧಾನ ಬೇಗದ್ದು, ಶುಭ್ರವೂ ಹೌದು. ಆದರೆ ಅದರಲ್ಲಿ ಹಳದಿಯಾಗಿ ಕರಗುವುದು ಕ್ಯಾನ್ಸರ್ ತರುವ ಹೆಕ್ಸಾವೇಲೆಂಟ್ ಕ್ರೋಮಿಯಂ. ಮನೆಯಲ್ಲಿ ಬೇಡ. ವಿನಿಗರ್, ಉಪ್ಪು, ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣವೂ ನಿಕ್ಕಲ್ ತೆಗೆಯಲು ಸಲ್ಲದು. ಅದು ನಿಕ್ಕಲ್‌ಗಿಂತ ಹಿತ್ತಾಳೆಯನ್ನು ಬೇಗ ತಿನ್ನುತ್ತದೆ. ಸವೆದ ಲೇಪದಲ್ಲಿ ಹಿತ್ತಾಳೆ ಬಾಯಿ ಬಿಟ್ಟುಕೊಂಡೇ ಇರುವುದರಿಂದ ಬಿಳಿ ದ್ವೀಪಗಳ ಸುತ್ತ ಹಳ್ಳ ಬೀಳುತ್ತದೆ. ಲೇಪನದ ಕಾರ್ಖಾನೆಗಳು ಗಾಢ ಗಂಧಕಾಮ್ಲದಲ್ಲಿ ವಿದ್ಯುತ್ ಕೊಟ್ಟು ನಿಕ್ಕಲ್ ಕಳಚುತ್ತವೆ. ಅಲ್ಲೂ ಆಮ್ಲಕ್ಕೆ ನೀರು ಸೇರಿದರೆ ಹಿತ್ತಾಳೆಯಲ್ಲಿ ಗುಳಿ ಬೀಳುತ್ತದೆ.

ಹಾಗಾಗಿ ನಿಕ್ಕಲ್ಲಿಗೆ ನನ್ನದು ಕೈಯ ಕೆಲಸವೇ. 600ರ ವಾಟರ್ ಪೇಪರ್ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ), ಒಂದು ಹನಿ ಸೋಪು ಬೆರೆಸಿದ ನೀರು, ಚಪ್ಪಟೆ ಭಾಗಕ್ಕೆ ಕಾಗದದ ಹಿಂದೆ ಮರದ ತುಂಡು, ಉಬ್ಬಿದ ಭಾಗಕ್ಕೆ ಗಟ್ಟಿ ರಬ್ಬರ್. ಬೆರಳಿನಿಂದಲೇ ಒತ್ತಿದರೆ ಬೆರಳಿನ ಅಗಲದ ಅಲೆ ಏಳುತ್ತದೆ, ಪಾಲಿಶ್ ಆದ ಮೇಲೆ ಅದು ಎದ್ದು ಕಾಣುತ್ತದೆ. 400ರ ಕಾಗದ ಗುಳಿ ಇದ್ದಲ್ಲಿ ಮಾತ್ರ. ದೂಳು ಹಾರದಂತೆ ಸದಾ ಒದ್ದೆಯಲ್ಲೇ ಉಜ್ಜಬೇಕು, ನಿಕ್ಕಲ್ ಚರ್ಮಕ್ಕೂ ಶ್ವಾಸಕ್ಕೂ ಒಗ್ಗುವುದಲ್ಲ. ಆಗಾಗ ಒರೆಸಿ, ದೀಪವನ್ನು ಓರೆಯಾಗಿ ಹಿಡಿದು ನೋಡಬೇಕು. ನಿಕ್ಕಲ್ ಉಳಿದ ಕಡೆ ಬೂದು ಮೋಡ ತೇಲಿದ ಹಾಗೆ ಕಾಣುತ್ತದೆ. ಆ ಮೋಡದ ಮೇಲಷ್ಟೇ ಉಜ್ಜಿ. ಆಗಲೇ ಹಳದಿಯಾದ ಜಾಗವನ್ನು ತೇಯುವುದು ಬರಿ ನಷ್ಟ. ಮೋಡ ಹೋದಮೇಲೆ 1000, 1500, 2000, ಪ್ರತಿ ಸಲ ಹಿಂದಿನ ಗೆರೆಗಳಿಗೆ ಅಡ್ಡ ದಿಕ್ಕಿನಲ್ಲಿ. ಹಿಂದಿನ ಗೆರೆ ಒಂದಾದರೂ ಉಳಿದಿದ್ದರೆ ಮುಂದಿನ ಕಾಗದಕ್ಕೆ ಹೋಗುವುದಿಲ್ಲ.

ಕೆತ್ತಿದ ಹೆಸರು, ಮಾದರಿ ಸಂಖ್ಯೆ ಇರುವ ಕಡೆ 1000ಕ್ಕಿಂತ ಒರಟು ಕಾಗದ ತಾಗಿಸುವುದಿಲ್ಲ. ಅಕ್ಷರದ ಹೊಂಡದೊಳಗೆ ಬಿಳಿ ನಿಕ್ಕಲ್ ಉಳಿದರೆ ಉಳಿಯಲಿ, ಅಕ್ಷರ ಇನ್ನೂ ಚೆನ್ನಾಗಿ ಓದಲು ಸಿಗುತ್ತದೆ. ಹಲ್ಲುಹಲ್ಲಾಗಿ ಕೊರೆದ ಅಂಚುಗಳಿಗೆ ಕಾಗದ ಬೇಡ, ಮೃದುವಾದ ಹಿತ್ತಾಳೆ ಬ್ರಷ್ ಸಾಕು. ಬಫ್ ಚಕ್ರಕ್ಕೆ ಕೊಡುವ ಆಸೆಯಾಗುತ್ತದೆ, ಆದರೆ ಚಕ್ರ ಮೊದಲು ತಿನ್ನುವುದು ಮೂಲೆಗಳನ್ನು. ತೆಳು ಉಂಗುರವನ್ನಂತೂ ಕೈಯಿಂದ ಕಸಿದು ಎಸೆಯುತ್ತದೆ.

ಎಲ್ಲಕ್ಕಿಂತ ಜಾಗ್ರತೆ ಬೇಕಾದದ್ದು ಸ್ಪೂಲಿನ ಹೊರ ಅಂಚಿಗೆ. ಆ ಅಂಚಿಗೂ ಚೌಕಟ್ಟಿನ ಉಂಗುರಕ್ಕೂ ನಡುವಿನ ಸಂದಿ ಕೂದಲೆಳೆಯಷ್ಟು. ಹತ್ತು ಮೈಕ್ರಾನ್ ಲೇಪ ಹೋದರೆ ಏನೂ ಆಗದು. ಹೊಳಪಿನ ಆಸೆಗೆ ಅಂಚನ್ನೇ ದುಂಡಗೆ ಉಜ್ಜಿದರೆ ತೆಳು ದಾರ ಸಂದಿಗೆ ಜಾರಿ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಅದಕ್ಕೆ ಪರಿಹಾರವಿಲ್ಲ. ಬಿಚ್ಚುವ ಮೊದಲೇ ಫೀಲರ್ ಗೇಜಿನಲ್ಲಿ ಸಂದಿ ಅಳೆದು ಬರೆದಿಟ್ಟುಕೊಳ್ಳಿ.

ಗುಲಾಬಿ ಕಲೆ ಬಂದಿದ್ದರೆ ಲೀಟರ್ ಬಿಸಿನೀರಿಗೆ 100 ಗ್ರಾಂ ಸಿಟ್ರಿಕ್ ಆಮ್ಲ, ಅದಕ್ಕೆ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ತುಸು ಬೆರೆಸಿ ಎರಡು ಮೂರು ನಿಮಿಷ ಅದ್ದುತ್ತೇನೆ. ಮೇಲ್ಮೈ ತಾಮ್ರ ಕರಗಿ ಹಳದಿ ಮರಳುತ್ತದೆ, ಆದರೆ ಆಳದ ಕಲೆ ಹೋಗುವುದಿಲ್ಲ. ಅಮೋನಿಯಾ ಇರುವ ಕ್ಲೀನರುಗಳಲ್ಲಿ ಹಿತ್ತಾಳೆ ನೆನೆಹಾಕಬೇಡಿ. ಒತ್ತಿ ಬಾಗಿಸಿದ ಭಾಗಗಳು ಅದಕ್ಕೆ ಬಿರುಕು ಬಿಡುತ್ತವೆ.

ಪಾಲಿಶ್ ಆದಮೇಲೆ ಅಸಿಟೋನಿನಲ್ಲಿ ಒರೆಸಿ, ಬರಿಗೈ ತಾಗಿಸದೆ ಮೈಕ್ರೋಕ್ರಿಸ್ಟಲೈನ್ ಮೇಣದ ಎರಡು ತೆಳು ಕೋಟು. ಲ್ಯಾಕರ್ ಮೀನು ಹಿಡಿಯುವ ರೀಲಿಗೆ ಒಗ್ಗದು. ಒಂದು ಕಡೆ ಗೀರು ಬಿದ್ದರೆ ಅದರಡಿಯಲ್ಲೇ ಕಪ್ಪು ಹಬ್ಬುತ್ತದೆ. ಉಪ್ಪುನೀರಿಗೆ ಬರಿ ಹಿತ್ತಾಳೆಯನ್ನು ಒಯ್ಯದಿದ್ದರೆ ಒಳ್ಳೆಯದು.

ಉಳಿದ ಆಮ್ಲ, ತೊಳೆದ ನೀರು, ಉಜ್ಜಿದ ಕೆಸರು ಮೂರರಲ್ಲೂ ನಿಕ್ಕಲ್, ಕ್ರೋಮಿಯಂ ಇರುತ್ತವೆ. ಸೋಡಾ ಹಾಕಿದ ಮಾತ್ರಕ್ಕೆ ಅವು ಮಾಯವಾಗುವುದಿಲ್ಲ. ಚರಂಡಿಗೆ ಚೆಲ್ಲದೆ, ಹೆಸರು ಬರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಒಪ್ಪಿಸಬೇಕು. ಸೋಡಾ ಬೆರೆಸಿದ್ದರ ಮುಚ್ಚಳವನ್ನು ಒಂದು ದಿನ ಸಡಿಲವಾಗಿಡಿ, ಅನಿಲ ಇನ್ನೂ ಏಳುತ್ತಿರುತ್ತದೆ.