ಉದ್ದ ಮೀಸೆಯ ದುಂಬಿಯನ್ನು ಹಳೇ ಪದ್ಧತಿಯಲ್ಲಿ ಬರೆದದ್ದು

ಮಾವಿನ ಮರ ಕೊರೆಯುವ ದುಂಬಿ ಗೊತ್ತಲ್ವಾ? ಬಟೋಸೆರಾ ಜಾತಿಯದು, ಮೈಗಿಂತ ಮೀಸೆ ಉದ್ದ. ತೋಟದವರಿಗೆ ಅದನ್ನು ಕಂಡರಾಗದು, ನನಗೋ ಅದರ ಚಿತ್ರ ಬರೆಯುವ ಆಸೆ. ಅದೂ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಪುಸ್ತಕಗಳಲ್ಲಿ ಬರುತ್ತಿದ್ದ ಹಾಗೆ.

ಮಾದರಿಗೆ ಎರಡು ಪುಸ್ತಕ ಇಟ್ಟುಕೊಂಡೆ. ಒಂದು ಬ್ರಿಟಿಷ್ ನಿಸರ್ಗ ವಿಜ್ಞಾನಿ ಆಲ್‌ಫ್ರೆಡ್ ವ್ಯಾಲೇಸ್ ಅವರದು. ಅವರು 1855ರಲ್ಲಿ ಬೋರ್ನಿಯೋದ ಸಿಮುಂಜೋನ್ ಕಲ್ಲಿದ್ದಲು ಗಣಿಯ ಹತ್ತಿರ ತಿಂಗಳುಗಟ್ಟಲೆ ಇದ್ದರು. ಗಣಿಗಾಗಿ ಕಾಡು ಕಡಿದು ಮರಗಳು ಬಿದ್ದಿದ್ದವು, ಈ ದುಂಬಿಗಳಿಗೆ ಅದೇ ಹಬ್ಬ. ಹುಳ ತಂದುಕೊಟ್ಟವರಿಗೆ ಒಂದಕ್ಕೆ ಒಂದು ಸೆಂಟ್ ಕೊಡುತ್ತಿದ್ದರು. 1869ರ ಅವರ ಪುಸ್ತಕದಲ್ಲಿ ಅಲ್ಲಿನ ದುಂಬಿಗಳದ್ದೇ ಒಂದು ಪುಟ ಇದೆ, ಕಪ್ಪು ಬಿಳುಪು. ಗೆರೆ ಕಲಿತದ್ದು ಅದರಿಂದ. ಬಣ್ಣಕ್ಕೆ ನೋಡಿದ್ದು ಇಂಗ್ಲಿಷ್ ಕೀಟವಿಜ್ಞಾನಿ ವೆಸ್ಟ್‌ವುಡ್ 1848ರಲ್ಲಿ ತಂದ ಪುಸ್ತಕ. ಅದರ ಚಿತ್ರಗಳು ಕಲ್ಲಚ್ಚಿನವು, ಬಣ್ಣ ತುಂಬಿದ್ದು ಕೈಯಲ್ಲಿ.

ಒಣಗಿದ ದುಂಬಿಯ ಕಾಲು ಮುಟ್ಟಿದರೆ ಮುರಿಯುತ್ತದೆ. ಒದ್ದೆ ಬಟ್ಟೆ ಹಾಕಿದ ಡಬ್ಬಿಯಲ್ಲಿ ಮುಚ್ಚಿಟ್ಟು ಮೆತ್ತಗಾದ ಮೇಲೆ ಗುಂಡುಸೂಜಿ ಕೊಟ್ಟು ನಿಲ್ಲಿಸಿದೆ. ಮೇಲಿನಿಂದ ಕಾಣುವಂತೆ, ಆರು ಕಾಲೂ ಸಮವಾಗಿ. ಜೀವಂತ ದುಂಬಿ ಹೀಗೆ ಕೂರುವುದಿಲ್ಲ ಬಿಡಿ. ಇದು ಗುರುತಿನ ಚೀಟಿಯ ಫೋಟೋ ಇದ್ದ ಹಾಗೆ. ಒಂದು ಪಕ್ಕ ಮಾತ್ರ ಬರೆದು ಟ್ರೇಸಿಂಗ್ ಹಾಳೆ ಮಗುಚಿ ಇನ್ನೊಂದು ಪಕ್ಕ ಇಳಿಸಿದೆ.

ಜಾಸ್ತಿ ಹೊತ್ತು ಹಿಡಿದದ್ದು ಮೀಸೆ. ನೇರ ಬಿಟ್ಟರೆ ಹಾಳೆಯಿಂದ ಆಚೆ ಹೋಗುತ್ತದೆ. ಹಿಂದಕ್ಕೆ ಬಾಗಿಸಿ ಮೈಯ ಪಕ್ಕಕ್ಕೆ ತಂದೆ, ಹಳಬರೂ ಹಾಗೇ ಮಾಡುತ್ತಿದ್ದರು. ಸುಮ್ನೆ ಒಂದು ಬಾಗಿದ ಗೆರೆ ಎಳೆದರೆ ಆಗಲಿಲ್ಲ. ಹನ್ನೊಂದು ಗೆಣ್ಣು ಎಣಿಸಬೇಕು. ಮೊದಲನೆಯದು ದಪ್ಪ, ಎರಡನೆಯದು ಕಂಡೂ ಕಾಣದಷ್ಟು, ಮೂರನೆಯದು ಉದ್ದ. ಮೀಸೆಯ ಬುಡ ಕಣ್ಣಿನ ಒಳಗೇ ನುಗ್ಗಿದೆ, ಕಣ್ಣು ಅದಕ್ಕೆ ಜಾಗ ಬಿಟ್ಟು ಸುತ್ತ ಬಾಗಿದೆ. ಲೆನ್ಸ್ ಇಲ್ಲದೆ ಇದು ಕಾಣುವುದಿಲ್ಲ. ಕಣ್ಣನ್ನು ದುಂಡಗೆ ಬರೆದಿಟ್ಟರೆ ಬಲ್ಲವರು ತಕ್ಷಣ ಹಿಡಿಯುತ್ತಾರೆ.

ಬಣ್ಣ ಸುಲಭ. ಮೈಗೆ ಬೂದು ಕಂದು ತೆಳುವಾಗಿ, ಒಣಗಿದ ಮೇಲೆ ಇನ್ನೊಂದು ಕೈ. ಕತ್ತಿನ ಹಲಗೆಯ ಮೇಲೆ ಎರಡು ಕೆಂಪು ಮಚ್ಚೆ. ರೆಕ್ಕೆಯ ಬುಡದಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಗುಳ್ಳೆಗಳಿವೆ, ಹೊಳೆಯುತ್ತವೆ. ಒಂದೊಂದರ ಮೇಲೂ ಒಂದೇ ಕಡೆ, ಎಡ ಮೇಲ್ಭಾಗದಲ್ಲಿ, ಚುಕ್ಕೆಯಷ್ಟು ಹಾಳೆ ಬಿಳಿಯಾಗಿ ಬಿಟ್ಟೆ. ಕಪ್ಪು ಒಣಗಿದ ಮೇಲೆ ಗೋಂದನ್ನು ನೀರಲ್ಲಿ ಕರಗಿಸಿ ಸವರಿದೆ. ಆಮೇಲೆ ಮಿಂಚು ಬಂತು ನೋಡಿ! ಗೋಂದು ಗಟ್ಟಿಯಾದರೆ ಬಿರಿಯುತ್ತದೆ, ತೆಳುವೇ ಸಾಕು.

ಚಿತ್ರ ದುಂಬಿಗಿಂತ ದೊಡ್ಡದು. ಆದ್ದರಿಂದ ಪಕ್ಕದಲ್ಲಿ ದುಂಬಿಯ ನಿಜವಾದ ಉದ್ದದ ಒಂದು ಗೆರೆ ಎಳೆದೆ, ಇದೂ ಆ ಕಾಲದ್ದೇ ರೂಢಿ. ನೆರಳು ಹಾಕಲಿಲ್ಲ. ಸ್ಕ್ಯಾನರ್‌ನಲ್ಲಿ ಗೋಂದಿನ ಹೊಳಪು ಸತ್ತುಹೋಗುತ್ತದೆ, ಹಾಗಾಗಿ ಕಿಟಕಿಯ ಪಕ್ಕ ಇಟ್ಟು ಓರೆ ಬೆಳಕಲ್ಲಿ ಫೋಟೋ ತೆಗೆಯುತ್ತೇನೆ.