ಲೈವ್‌ನಲ್ಲಿ ಮೊದಲು ಗೀರು ತೋರಿಸಿ, ಆಮೇಲೆ ಬೆಲೆ ಹೇಳಿ

ಕಾರವಾರದಲ್ಲಿ ಹಳೆ ನಾಣ್ಯ, ಸ್ಟ್ಯಾಂಪು, ನೋಟು ಮಾರುವ ಸಣ್ಣ ಅಂಗಡಿ ನನ್ನದು. ಟ್ಯಾಗೋರ್ ಬೀಚಿಗೆ ಬಂದವರು ಒಳಗೆ ಬರುತ್ತಾರೆ, ಖುಷಿಯಿಂದ ನೋಡುತ್ತಾರೆ, ಹೋಗುತ್ತಾರೆ. ನಿಜವಾಗಿ ಸಂಗ್ರಹ ಮಾಡುವವರು ಇರುವುದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ. ಒಂದು ನಾಣ್ಯಕ್ಕಾಗಿ ಅವರು ಘಟ್ಟ ಇಳಿದು ಬರುವುದಿಲ್ಲ, ಅಲ್ವಾ? ಅದಕ್ಕೇ ಯೂಟ್ಯೂಬ್ ಲೈವ್ ಶುರು ಮಾಡಿದೆ. ಈಗ ವ್ಯಾಪಾರದ ಜಾಸ್ತಿ ಪಾಲು ಅಲ್ಲಿಂದಲೇ ಬರುತ್ತದೆ.

ನನ್ನ ಕೈ ಹಿಡಿದದ್ದು ಗೋವಾದ ನಾಣ್ಯಗಳು. 1961ರ ಡಿಸೆಂಬರ್‌ವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಗಡಿ ನಮಗೆ ಹತ್ತಿರ. ಸದಾಶಿವಗಡ, ಮಾಜಾಳಿ ಕಡೆಯ ಮನೆಗಳ ಹಳೆ ಡಬ್ಬಿಗಳಲ್ಲಿ ಆ ಕಾಲದ ನಾಣ್ಯ ಈಗಲೂ ಸಿಗುತ್ತವೆ. ಮೊದಲು ಅಲ್ಲಿ ರುಪಿಯಾ ನಡೆಯುತ್ತಿತ್ತು, 16 ಟಾಂಗಾಕ್ಕೆ ಒಂದು ರುಪಿಯಾ. 1950ರ ದಶಕದ ಕೊನೆಗೆ ಎಸ್ಕುಡೊ ಬಂತು, ಒಂದು ರುಪಿಯಾಕ್ಕೆ 6 ಎಸ್ಕುಡೊ ಎಂಬ ಲೆಕ್ಕದಲ್ಲಿ. 6 ಎಸ್ಕುಡೊದ ನಾಣ್ಯ ಹುಟ್ಟಿದ್ದು ಹಾಗೆ. ಅದನ್ನು ಕ್ಯಾಮೆರಾ ಮುಂದೆ ಹಿಡಿದು 'ಐದು ಬಿಟ್ಟು ಆರೇ ಯಾಕೆ?' ಎಂದು ಕೇಳಿದರೆ ಜನ ಕೂತು ನೋಡುತ್ತಾರೆ. ಎಲ್ಲ ಕಡೆ ಸಿಗುವ ಮಾಲು ನನ್ನ ಹತ್ತಿರವೂ ಇದೆ. ಆದರೆ ನೋಡುವವರು ಮತ್ತೆ ಮತ್ತೆ ಬರುವುದು ನಮ್ಮ ಕರಾವಳಿಯ ಮಾಲಿಗೆ.

ಖರ್ಚು ದೊಡ್ಡದೇನಲ್ಲ. ಫೋನನ್ನು ಕೆಳಮುಖವಾಗಿ ಹಿಡಿಯುವ ಸ್ಟ್ಯಾಂಡ್, ಎರಡು ಟೇಬಲ್ ಲ್ಯಾಂಪ್, ಬೂದು ಬಣ್ಣದ ಬಟ್ಟೆ, ಗ್ರಾಂ ತೂಕದ ಸಣ್ಣ ತಕ್ಕಡಿ. ಬೆಳಕು ನೇರ ಮೇಲಿಂದ ಬಿದ್ದರೆ ನಾಣ್ಯ ಬರೀ ಹೊಳೆಯುತ್ತದೆ, ಸವೆತ ಕಾಣುವುದಿಲ್ಲ. ಲ್ಯಾಂಪನ್ನು ಓರೆಯಾಗಿ ಇಟ್ಟರೆ ಪ್ರತಿ ಗೀರೂ ಎದ್ದು ಕಾಣುತ್ತದೆ. ನನಗೆ ಬೇಕಾದದ್ದು ಅದೇ. ಎರಡೂ ಮುಖ, ಅಂಚು, ತೂಕ ತೋರಿಸುತ್ತೇನೆ. ಪಾಲಿಶ್ ಮಾಡಿದ ನಾಣ್ಯವಾದರೆ ಬಾಯಿಬಿಟ್ಟು ಹೇಳುತ್ತೇನೆ. ಸ್ಟ್ಯಾಂಪನ್ನು ಚಿಮಟದಲ್ಲಿ ತಿರುಗಿಸಿ, ಹಿಂದಿನ ಗೋಂದು ಉಳಿದಿದೆಯೋ ಇಲ್ಲವೋ ತೋರಿಸುತ್ತೇನೆ. ಬೆಲೆ ಹೇಳುವುದು ಇದೆಲ್ಲ ಆದ ಮೇಲೆ. ಕೊಳ್ಳುವವರಿಗೆ ಮುಟ್ಟಿ ನೋಡಲು ಆಗುವುದಿಲ್ಲ. ಅವರ ಕಣ್ಣಾಗಿ ನಾನು ನೋಡದಿದ್ದರೆ ಇನ್ಯಾರು ನೋಡಬೇಕು? ದೋಷ ಮೊದಲೇ ಹೇಳಿದ ವಸ್ತು ವಾಪಸ್ ಬರುವುದು ತೀರಾ ಅಪರೂಪ.

ಲೈವ್‌ನಲ್ಲಿ ಕಮೆಂಟ್ ಮೂಲಕ ನಡೆಯುವ ಹರಾಜಿನಲ್ಲಿ ಒಂದು ತೊಡಕಿದೆ. ನಾನು ಹೇಳಿದ್ದು ನೋಡುವವರಿಗೆ ಕೇಳುವಷ್ಟರಲ್ಲಿ ಕೆಲವು ಸೆಕೆಂಡ್ ಕಳೆದಿರುತ್ತದೆ. ಅವರ ಕಮೆಂಟ್ ಇನ್ನೂ ತಡ. 'ಒಂದು, ಎರಡು, ಮೂರು' ಎಂದು ಬೇಗ ಮುಗಿಸಿದರೆ ನೆಟ್‌ವರ್ಕ್ ನಿಧಾನ ಇರುವವರಿಗೆ ಅನ್ಯಾಯ. ಹಾಗಾಗಿ ಮೂರು ಹೇಳುವ ಮೊದಲು ಸುಮ್ನೆ ಕಾಯುತ್ತೇನೆ. ನನ್ನ ಹೆಂಡತಿ ಪಕ್ಕದಲ್ಲಿ ಕೂತು ಕಮೆಂಟ್‌ಗಳನ್ನು ಬಂದ ಕ್ರಮದಲ್ಲೇ ನೋಟ್‌ಬುಕ್ಕಿಗೆ ಇಳಿಸುತ್ತಾಳೆ. ಜಗಳ ಬಂದರೆ ಆ ನೋಟ್‌ಬುಕ್ಕೇ ಪ್ರಮಾಣ. ಮರುದಿನದೊಳಗೆ ಯುಪಿಐ ಬರದಿದ್ದರೆ ವಸ್ತು ಎರಡನೆಯವರಿಗೆ.

ಹೊಸಬರನ್ನು ಹಿಡಿದಿಡಲು ಟಂಕಸಾಲೆ ಗುರುತಿನ ಆಟ ಚೆನ್ನಾಗಿದೆ. 'ಜೇಬಿನ ನಾಣ್ಯ ತೆಗೆದು ಇಸವಿಯ ಕೆಳಗೆ ನೋಡಿ' ಎನ್ನುತ್ತೇನೆ. ಚುಕ್ಕೆ ಇದ್ದರೆ ನೋಯ್ಡಾ, ನಕ್ಷತ್ರ ಹೈದರಾಬಾದ್, ವಜ್ರದ ಆಕಾರ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಮಕ್ಕಳಿಗೂ ಇಷ್ಟ.

ಆದರೆ ಪ್ರತಿ ಲೈವ್‌ನಲ್ಲೂ ಒಬ್ಬರಾದರೂ ಕೇಳುತ್ತಾರೆ: 'ಅಣ್ಣಾ, ವೈಷ್ಣೋದೇವಿ ಚಿತ್ರದ ನಾಣ್ಯ ಇದೆ, ಲಕ್ಷ ಸಿಗುತ್ತಾ?' ಸಿಗುವುದಿಲ್ಲ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹಳೆ ನೋಟು, ನಾಣ್ಯಕ್ಕೆ ಕಮಿಷನ್, ತೆರಿಗೆ ಕೇಳುವ ಮೋಸಗಾರರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಇದನ್ನು ನಾನು ಬೇಸರವಿಲ್ಲದೆ ಪ್ರತಿ ಸಲ ಹೇಳುತ್ತೇನೆ. ಹನುಮಂತನ ಚಿತ್ರವಿರುವ '1818ರ ಈಸ್ಟ್ ಇಂಡಿಯಾ ಕಂಪನಿ' ನಾಣ್ಯವೂ ಹಾಗೇ. ಕಂಪನಿ ಅದನ್ನು ಟಂಕಿಸಲೇ ಇಲ್ಲ.

ನೂರು ವರ್ಷ ದಾಟಿದ ನಾಣ್ಯ ನಾನು ಮಾರುವುದಿಲ್ಲ. 1972ರ ಕಾಯ್ದೆ ಪ್ರಕಾರ ಅದು ಪ್ರಾಚ್ಯವಸ್ತು. ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ.

ಮಳೆಗಾಲ ಬಂದರೆ ಕೆಲಸ ಜಾಸ್ತಿ. ಉಪ್ಪುಗಾಳಿ, ತೇವ, ಮೇಲಿಂದ ಕರೆಂಟ್ ಕಾಟ. ಪಿವಿಸಿ ಕವರಿನಲ್ಲಿಟ್ಟ ನಾಣ್ಯಕ್ಕೆ ಹಸಿರು ಜಿಡ್ಡು ಹಿಡಿಯುತ್ತದೆ. ಅದಕ್ಕೆ ಮೈಲಾರ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ ಇರುವ ರಟ್ಟಿನ ಹೋಲ್ಡರ್ ಮಾತ್ರ ಬಳಸುತ್ತೇನೆ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡುತ್ತೇನೆ. ಕಳಿಸುವಾಗ ಎರಡು ರಟ್ಟಿನ ನಡುವೆ ಅಲ್ಲಾಡದಂತೆ ಟೇಪ್ ಹಾಕಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ.

ಈಗ ಮಾರುವುದಕ್ಕಿಂತ ಒಳ್ಳೆ ಮಾಲು ಹುಡುಕುವುದೇ ಕಷ್ಟ. ಲೈವ್ ನೋಡಿದವರೇ ಡಬ್ಬಿ ಹಿಡಿದು ಬರುತ್ತಾರೆ. ಅಂಥದ್ದೇ ನಾಣ್ಯ ಹಿಂದೆ ಎಷ್ಟಕ್ಕೆ ಹೋಯಿತು ಎಂದು ಹಳೆ ವಿಡಿಯೊ ತೋರಿಸಿ, ನನ್ನ ಪಾಲು ಎಷ್ಟು ಎಂದು ಹೇಳಿಯೇ ಕೊಳ್ಳುತ್ತೇನೆ. ಸದಾಶಿವಗಡದ ಅಜ್ಜಿಯೊಬ್ಬರು ಒಂದು ಡಬ್ಬಿ ಎಸ್ಕುಡೊ ಕೊಟ್ಟು, 'ತಮ್ಮಾ, ಎಲ್ಲ ಒಂದೇ ದಿನ ತೋರಿಸ್ಬೇಡ, ಬೆಲೆ ಇಳೀತದೆ' ಎಂದರು. ಅವರ ಮಾತು ಸರಿ. ಒಂದೇ ಬಗೆಯ ನಾಣ್ಯವನ್ನು ಒಂದು ಲೈವ್‌ಗೆ ಎರಡಕ್ಕಿಂತ ಜಾಸ್ತಿ ಇಡುವುದಿಲ್ಲ.