ಮನೆಗೆ ಸ್ಮೋಕ್ ಅಲಾರಂ, ಹೀಟ್ ಅಲಾರಂ: ಆರಿಸುವುದು, ಕೂರಿಸುವುದು, ನೋಡಿಕೊಳ್ಳುವುದು

ಅಲಾರಂ ಇದ್ದ ಮನೆಯಲ್ಲೂ ಬೆಂಕಿ ಬಿದ್ದ ರಾತ್ರಿ ಅದು ಕೂಗದೇ ಹೋಗುವುದುಂಟು. ಅಂಥ ಕಡೆ ಹೆಚ್ಚಿನ ಸಲ ಯಂತ್ರ ಕೆಟ್ಟಿರುವುದಿಲ್ಲ. ಬ್ಯಾಟರಿ ತೀರಿರುತ್ತದೆ, ಇಲ್ಲವೇ ಯಾರೋ ಕಿತ್ತಿಟ್ಟಿರುತ್ತಾರೆ. ಏಕೆ ಕೀಳುತ್ತಾರೆ? ಒಲೆ ಹಚ್ಚಿದಾಗೆಲ್ಲ, ಬಿಸಿನೀರಿನ ಸ್ನಾನ ಮುಗಿದಾಗೆಲ್ಲ ಅದು ಸುಮ್ಮಸುಮ್ಮನೆ ಅರಚುತ್ತದೆ, ಅದಕ್ಕೆ. ಆದ್ದರಿಂದ ಯಾವ ಕೋಣೆಗೆ ಯಾವ ಬಗೆಯದು, ಎಷ್ಟು ದೂರದಲ್ಲಿ ಎಂಬುದನ್ನು ಮೊದಲೇ ಸರಿಯಾಗಿ ನಿರ್ಧರಿಸಬೇಕು. ಕಿರಿಕಿರಿ ಮಾಡದ ಅಲಾರಂ ಮಾತ್ರ ವರ್ಷಗಟ್ಟಲೆ ಸೀಲಿಂಗ್‌ನಲ್ಲಿ ಉಳಿಯುತ್ತದೆ.

ಹೊಗೆಯ ವಾಸನೆಗೆ ತಾನಾಗಿಯೇ ಎಚ್ಚರವಾಗುತ್ತದೆ ಎಂದು ನಂಬಿ ಮಲಗಬೇಡಿ. ನಿದ್ದೆಯಲ್ಲಿ ವಾಸನೆ ತಿಳಿಯುವುದು ತೀರಾ ಕಡಿಮೆ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಮಂಪರನ್ನು ಇನ್ನೂ ಹೆಚ್ಚಿಸುತ್ತದೆ. ಎಬ್ಬಿಸುವುದು ಶಬ್ದವೇ.

ಯಾವುದು ಎಲ್ಲಿಗೆ

ಸ್ಮೋಕ್ ಅಲಾರಂಗಳಲ್ಲಿ ಮುಖ್ಯವಾಗಿ ಎರಡು ಬಗೆ. ಫೋಟೋಎಲೆಕ್ಟ್ರಿಕ್ ಅಲಾರಂನ ಒಳಗೆ ಒಂದು ಕತ್ತಲ ಕೋಶ, ಅದರಲ್ಲಿ ಒಂದು ಎಲ್‌ಇಡಿ ಮತ್ತು ಬೆಳಕನ್ನು ಗುರುತಿಸುವ ಒಂದು ಸೆನ್ಸರ್ ಇರುತ್ತವೆ. ಮಾಮೂಲಿಯಾಗಿ ಎಲ್‌ಇಡಿಯ ಬೆಳಕು ಸೆನ್ಸರ್‌ಗೆ ನೇರವಾಗಿ ತಾಗುವುದಿಲ್ಲ. ಹೊಗೆ ಒಳಹೊಕ್ಕಾಗ ಅದರ ಕಣಗಳಿಗೆ ಬಡಿದ ಬೆಳಕು ಚದುರಿ ಸೆನ್ಸರ್ ಮೇಲೆ ಬೀಳುತ್ತದೆ, ಅಲಾರಂ ಕೂಗುತ್ತದೆ. ಹಾಸಿಗೆ, ಸೋಫಾ, ವೈರಿನ ಹೊದಿಕೆ ಇವೆಲ್ಲ ಉರಿ ಏಳುವ ಮುನ್ನ ಬಹಳ ಹೊತ್ತು ಒಳಗೊಳಗೇ ಬೇಯುತ್ತಾ ದಪ್ಪ ಕಣಗಳ ಹೊಗೆ ಬಿಡುತ್ತವೆ. ಅದನ್ನು ಬೇಗ ಹಿಡಿಯುವುದು ಈ ಬಗೆ.

ಅಯೊನೈಸೇಶನ್ ಅಲಾರಂನಲ್ಲಿ ಅಮೆರಿಸಿಯಂ-241 ಎಂಬ ವಿಕಿರಣ ಧಾತುವಿನ ಅತಿ ಸಣ್ಣ ತುಣುಕು ಇರುತ್ತದೆ. ಅದು ಸೂಸುವ ಆಲ್ಫಾ ಕಣಗಳು ಕೋಶದೊಳಗಿನ ಗಾಳಿಯನ್ನು ಅಯಾನುಗಳಾಗಿಸಿ ಸಣ್ಣ ವಿದ್ಯುತ್ ಹರಿಯುವಂತೆ ಮಾಡುತ್ತವೆ. ಹೊಗೆ ಸೇರಿದರೆ ಆ ಹರಿವು ಕುಗ್ಗುತ್ತದೆ, ಅದೇ ಸೂಚನೆ. ಕಾಗದ, ಪರದೆಗಳಂತೆ ಧಗ್ಗನೆ ಹೊತ್ತಿಕೊಳ್ಳುವ ಬೆಂಕಿಯ ಸೂಕ್ಷ್ಮ ಕಣಗಳಿಗೆ ಇದು ಬೇಗ ಸ್ಪಂದಿಸುತ್ತದೆ. ಆದರೆ ಬಾಣಲೆಯಲ್ಲಿ ಕಾದ ಎಣ್ಣೆ, ಟೋಸ್ಟರ್‌ನಲ್ಲಿ ಕರಿಕಾದ ಬ್ರೆಡ್ ಬಿಡುವುದೂ ಸೂಕ್ಷ್ಮ ಕಣಗಳನ್ನೇ. ಹಾಗಾಗಿ ಅಡುಗೆಮನೆಯ ಹತ್ತಿರ ಇದನ್ನು ಹಾಕಿದವರು ಕೆಲವೇ ವಾರಗಳಲ್ಲಿ ಬೇಸತ್ತು ಬ್ಯಾಟರಿ ತೆಗೆಯುತ್ತಾರೆ. ಒಂದೇ ಬಗೆ ಆರಿಸಬೇಕಾಗಿ ಬಂದರೆ ಫೋಟೋಎಲೆಕ್ಟ್ರಿಕ್ ಕೊಳ್ಳಿ. ಮಲಗಿರುವವರಿಗೆ ಒಳಗೊಳಗೇ ಬೇಯುವ ಬೆಂಕಿಯ ಹೊಗೆ ದೊಡ್ಡ ಅಪಾಯ, ಸುಳ್ಳು ಕೂಗೂ ಇದರಲ್ಲಿ ಕಡಿಮೆ. ಎರಡೂ ಸೆನ್ಸರ್ ಇರುವ ಅಥವಾ ಹೊಗೆಯ ಜೊತೆ ಶಾಖವನ್ನೂ ಅಳೆಯುವ ಮಲ್ಟಿ ಸೆನ್ಸರ್ ಮಾದರಿಗಳೂ ಸಿಗುತ್ತವೆ, ಬೆಲೆ ಹೆಚ್ಚು.

ಹೀಟ್ ಅಲಾರಂ ಹೊಗೆಯನ್ನು ಲೆಕ್ಕಿಸುವುದೇ ಇಲ್ಲ. ಸುತ್ತಲ ಗಾಳಿ ನಿಗದಿತ ಮಟ್ಟ, ಸಾಮಾನ್ಯವಾಗಿ 57ರಿಂದ 58 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕೂಗುತ್ತದೆ. ಕೆಲವು ಮಾದರಿಗಳು ಅದಕ್ಕೂ ಮೊದಲೇ, ಬಿಸಿ ಏರುವ ವೇಗ ನೋಡಿ ಕೂಗುತ್ತವೆ. ಸಾಮಾನ್ಯ ಮಿತಿ ನಿಮಿಷಕ್ಕೆ ಸುಮಾರು 8 ಡಿಗ್ರಿ. ಅಡುಗೆಮನೆ, ಗ್ಯಾರೇಜು, ಬಾಯ್ಲರ್ ಕೋಣೆ, ಧೂಳು ತುಂಬಿದ ಅಟ್ಟ ಇದರ ಜಾಗಗಳು. ಆದರೆ ನೇರ ಬಿಸಿಲಿಗೆ ಕಾಯುವ ತಗಡಿನ ಮಾಡಿನಡಿ ಗಾಳಿಯೇ 50 ಡಿಗ್ರಿ ಸಮೀಪಿಸಬಹುದು. ಅಲ್ಲಿಗೆ ಹೆಚ್ಚಿನ ಮಿತಿಯ ಮಾದರಿ ಬೇಕು.

ಮಲಗುವ ಕೋಣೆಗೆ ಹೀಟ್ ಅಲಾರಂ ಮಾತ್ರ ಹಾಕಿ ಸುಮ್ಮನಾಗುವುದು ಅಪಾಯದ ತಪ್ಪು. ಸೀಲಿಂಗ್ ಬಳಿ 57 ಡಿಗ್ರಿ ಆಗುವಷ್ಟರಲ್ಲಿ ಕೋಣೆಯೊಳಗಿನ ಹೊಗೆ ಜೀವ ತೆಗೆಯುವಷ್ಟು ದಟ್ಟವಾಗಿರಬಹುದು. ಹೀಟ್ ಅಲಾರಂ ಸ್ಮೋಕ್ ಅಲಾರಂಗೆ ಜೊತೆಗಾರ, ಬದಲಿಯಲ್ಲ. ಹಾಗೆಯೇ ಇವೆರಡೂ ಅಡುಗೆ ಅನಿಲದ ಸೋರಿಕೆಯನ್ನಾಗಲಿ, ಹೊಗೆಯಿಲ್ಲದೆ ಸೇರಿಕೊಳ್ಳುವ ಕಾರ್ಬನ್ ಮೊನಾಕ್ಸೈಡನ್ನಾಗಲಿ ಹಿಡಿಯಲಾರವು. ಅವುಗಳ ಉಪಕರಣವೇ ಬೇರೆ.

ಕೊಳ್ಳುವಾಗ

ಡಿಟೆಕ್ಟರ್ ಎಂಬ ಹೆಸರಲ್ಲಿ ಮಾರುವ ಕೆಲವದರಲ್ಲಿ ಸ್ವಂತ ಸೈರನ್ ಇರುವುದಿಲ್ಲ; ಅವು ದೊಡ್ಡ ಕಟ್ಟಡಗಳ ಕಂಟ್ರೋಲ್ ಪ್ಯಾನೆಲ್‌ಗೆ ಜೋಡಿಸುವಂಥವು. ಮನೆಗೆ ಬೇಕಾದದ್ದು ಸೆನ್ಸರ್ ಮತ್ತು ಸೈರನ್ ಎರಡೂ ಒಂದರಲ್ಲೇ ಇರುವ ಅಲಾರಂ. ಅದರ ಶಬ್ದ 3 ಮೀಟರ್ ದೂರದಲ್ಲಿ ಕನಿಷ್ಠ 85 ಡೆಸಿಬೆಲ್ ಇರಬೇಕು. ಪ್ರಮಾಣದ ಗುರುತನ್ನೂ ನೋಡಿ: ಸ್ಮೋಕ್ ಅಲಾರಂ ಮೇಲೆ ಯುರೋಪಿನ ಇಎನ್ 14604, ಅಮೆರಿಕದ ಯುಎಲ್ 217 ಅಥವಾ ಆಸ್ಟ್ರೇಲಿಯಾದ ಎಎಸ್ 3786, ಹೀಟ್ ಅಲಾರಂ ಮೇಲೆ ಬಿಎಸ್ 5446-2 ಅಥವಾ ಯುಎಲ್ 539. ಯುಎಲ್ 217ರ 8ನೇ ಆವೃತ್ತಿಗೆ ಒಳಪಟ್ಟವು ಅಡುಗೆ ಹೊಗೆಗೆ ಸುಮ್ಮನೆ ಕೂಗದಿರುವ ಪರೀಕ್ಷೆಯನ್ನೂ ದಾಟಿರುತ್ತವೆ. ಯಾವ ಗುರುತೂ ಇಲ್ಲದ ಅಗ್ಗದ ಮಾಲನ್ನು ಮುಟ್ಟಬೇಡಿ.

ಬ್ಯಾಟರಿಯ ವಿಷಯ. 9 ವೋಲ್ಟಿನ ಬದಲಾಯಿಸಬಹುದಾದ ಬ್ಯಾಟರಿಯದು ಕೊಳ್ಳಲು ಅಗ್ಗ, ಆದರೆ ವರ್ಷಕ್ಕೊಮ್ಮೆ ನೆನಪಿಟ್ಟು ಬದಲಿಸಬೇಕು. 10 ವರ್ಷದ ಲಿಥಿಯಂ ಬ್ಯಾಟರಿಯನ್ನು ಒಳಗೇ ಮುಚ್ಚಿಟ್ಟ ಮಾದರಿಯಲ್ಲಿ ಬ್ಯಾಟರಿ ಕಿತ್ತು ಆಟಿಕೆಗೋ ರಿಮೋಟಿಗೋ ಹಾಕುವ ದಾರಿಯೇ ಇಲ್ಲ. ಬಾಡಿಗೆ ಮನೆಗೂ ವಯಸ್ಸಾದವರಿರುವ ಮನೆಗೂ ಅದೇ ಒಳ್ಳೆಯದು. ಮನೆಯ ಕರೆಂಟಿನಿಂದ ನಡೆಯುವವುಗಳಲ್ಲಿ ಬ್ಯಾಕಪ್ ಬ್ಯಾಟರಿ ಇರಲೇಬೇಕು, ವೈರಿಂಗನ್ನು ಎಲೆಕ್ಟ್ರಿಷಿಯನ್ನೇ ಮಾಡಬೇಕು, ನಡುವೆ ಯಾರೂ ಆರಿಸಬಲ್ಲ ಸ್ವಿಚ್ ಇರಬಾರದು.

ಒಂದಕ್ಕಿಂತ ಹೆಚ್ಚು ಕೋಣೆ ಇದ್ದರೆ ಇಂಟರ್‌ಲಿಂಕ್ ಇರುವಂಥದನ್ನು ಕೊಳ್ಳಿ. ಕೆಳಗಿನ ಅಡುಗೆಮನೆಯಲ್ಲಿ ಒಂದು ಕೂಗಿದರೆ ಮಹಡಿಯ ಮೇಲಿನ ಮಲಗುವ ಕೋಣೆಯದೂ ಕೂಗಬೇಕು. ಮುಚ್ಚಿದ ಎರಡು ಬಾಗಿಲುಗಳಾಚೆಗೆ ಒಂಟಿ ಅಲಾರಂನ ಶಬ್ದ ನಿದ್ದೆ ಎಬ್ಬಿಸುವಷ್ಟು ಉಳಿಯುವುದಿಲ್ಲ. ಬೇರೆಬೇರೆ ಕಂಪನಿಯವು ಸಾಮಾನ್ಯವಾಗಿ ಒಂದಕ್ಕೊಂದು ಮಾತಾಡುವುದಿಲ್ಲ, ಎಲ್ಲವನ್ನೂ ಒಂದೇ ಕಡೆಯಿಂದ ತನ್ನಿ. ಫೋನಿಗೆ ಸಂದೇಶ ಕಳಿಸುವ ವೈಫೈ ಸೌಲಭ್ಯ ಇದ್ದರೆ ಇರಲಿ, ಆದರೆ ಅಲಾರಂಗಳ ನಡುವಿನ ಸಂಪರ್ಕ ವೈಫೈ ರೂಟರನ್ನು ನೆಚ್ಚಿಕೊಂಡಿರಬಾರದು. ಕರೆಂಟು ಹೋದರೆ ರೂಟರೂ ಆರುತ್ತದೆ.

ಕಿವಿ ಮಂದವಾದವರಿಗೆ ಮಾಮೂಲಿ ಅಲಾರಂನ ಕೀರಲು ದನಿ, ಅಂದರೆ ಸುಮಾರು 3,000 ಹರ್ಟ್ಜ್ ಮೇಲಿನದು, ಕೇಳಿಸದೇ ಹೋಗಬಹುದು. ಅವರಿಗೆ 520 ಹರ್ಟ್ಜ್‌ನ ತಗ್ಗು ದನಿಯದು, ಜೊತೆಗೆ ಮಿಂಚುವ ದೀಪ ಮತ್ತು ದಿಂಬಿನಡಿ ಇಡುವ ಅದುರುವ ಪ್ಯಾಡ್ ಬೇಕು. ಮಕ್ಕಳನ್ನು ನಿದ್ದೆಯಿಂದ ಎಬ್ಬಿಸುವುದಕ್ಕೂ ತಗ್ಗು ದನಿಯೇ ಮೇಲು.

ಎಲ್ಲಿ ಕೂರಿಸಬೇಕು

ಪ್ರತಿ ಮಲಗುವ ಕೋಣೆಯಲ್ಲಿ ಒಂದು, ಮಲಗುವ ಕೋಣೆಗಳ ಹೊರಗಿನ ಓಡಾಟದ ಜಾಗದಲ್ಲಿ ಒಂದು, ಪ್ರತಿ ಮಹಡಿಯಲ್ಲಿ ಕನಿಷ್ಠ ಒಂದು ಸ್ಮೋಕ್ ಅಲಾರಂ. ಅಡುಗೆಮನೆಗೆ ಒಂದು ಹೀಟ್ ಅಲಾರಂ. ಎಲ್ಲವನ್ನೂ ಒಮ್ಮೆಗೇ ಕೊಳ್ಳಲಾಗದಿದ್ದರೆ ಮಲಗುವ ಕೋಣೆಗಳ ಹೊರಗಿನದರಿಂದ ಶುರುಮಾಡಿ.

ಬಿಸಿ ಹೊಗೆ ಮೇಲೇರಿ ಸೀಲಿಂಗ್‌ಗೆ ತಾಗಿ ಸುತ್ತಲೂ ಹರಡುತ್ತದೆ. ಹಾಗಾಗಿ ಸೀಲಿಂಗ್‌ನ ನಡುಭಾಗವೇ ಸರಿಯಾದ ಜಾಗ. ಗೋಡೆಯಿಂದಲೂ ದೀಪದಿಂದಲೂ 30 ಸೆಂಟಿಮೀಟರ್ ಬಿಡಿ. ಗೋಡೆ ಮತ್ತು ಸೀಲಿಂಗ್ ಕೂಡುವ ಮೂಲೆಯಲ್ಲಿ ಗಾಳಿ ಆಡುವುದಿಲ್ಲ. ಹೊಗೆ ಅಲ್ಲಿಗೆ ತಡವಾಗಿ ತಲುಪುತ್ತದೆ. ಗೋಡೆಗೇ ಹಾಕಬೇಕಾದರೆ, ಕೈಪಿಡಿ ಒಪ್ಪಿದ್ದರೆ ಮಾತ್ರ, ಸೀಲಿಂಗ್‌ನಿಂದ 10ರಿಂದ 30 ಸೆಂಟಿಮೀಟರ್ ಕೆಳಗೆ. ಇಳಿಜಾರಾದ ಮಾಡು ಇದ್ದರೆ ತುತ್ತತುದಿಯ 10 ಸೆಂಟಿಮೀಟರ್ ಬಿಟ್ಟು, ತುದಿಯಿಂದ 90 ಸೆಂಟಿಮೀಟರ್ ಒಳಗೆ.

ಸುಳ್ಳು ಕೂಗು ತಪ್ಪಿಸುವ ದೂರಗಳನ್ನು ಟೇಪು ಹಿಡಿದು ಅಳೆಯಿರಿ. ಒಲೆಯಿಂದ ಸ್ಮೋಕ್ ಅಲಾರಂಗೆ ಕನಿಷ್ಠ 3 ಮೀಟರ್. ಬಚ್ಚಲುಮನೆಯ ಬಾಗಿಲಿನಿಂದ, ಎಸಿ ಗಾಳಿ ಬರುವ ಬಾಯಿಂದ, ಸೀಲಿಂಗ್ ಫ್ಯಾನಿನ ರೆಕ್ಕೆಯ ತುದಿಯಿಂದ 90 ಸೆಂಟಿಮೀಟರ್. ಬಚ್ಚಲಿನ ಹಬೆ ಕೋಶದೊಳಗೆ ಹೊಗೆಯಂತೆಯೇ ಬೆಳಕನ್ನು ಚದುರಿಸಿ ಸುಳ್ಳು ಕೂಗು ಎಬ್ಬಿಸುತ್ತದೆ. ಫ್ಯಾನಿನ ಗಾಳಿ ನಿಜವಾದ ಹೊಗೆಯನ್ನೇ ದೂರ ತಳ್ಳಿಬಿಡುತ್ತದೆ. ಫ್ಯಾನಿನದು ಹೆಚ್ಚು ಅಪಾಯ, ಏಕೆಂದರೆ ಆ ತಪ್ಪು ಯಾರ ಗಮನಕ್ಕೂ ಬರುವುದಿಲ್ಲ. ಇಲ್ಲಿನ ಅಳತೆಗೂ ಕೈಪಿಡಿಯ ಅಳತೆಗೂ ವ್ಯತ್ಯಾಸ ಕಂಡರೆ ಕೈಪಿಡಿಯದನ್ನೇ ಹಿಡಿಯಿರಿ.

ಕೂರಿಸುವುದು ಸುಲಭ. ಬೇಸ್ ಪ್ಲೇಟನ್ನು ಸೀಲಿಂಗ್‌ಗೆ ಹಿಡಿದು ಎರಡು ಗುರುತು ಮಾಡಿ, ಒಳಗೆ ವೈರು ಹಾದಿಲ್ಲವೆಂದು ಖಾತ್ರಿ ಮಾಡಿಕೊಂಡು ಡ್ರಿಲ್ ಮಾಡಿ, ಪ್ಲಗ್ ತುರುಕಿ ಸ್ಕ್ರೂ ಬಿಗಿಯಿರಿ. ಕೊರೆದ ಧೂಳು ಪೂರ್ತಿ ಇಳಿಯುವವರೆಗೂ ಅಲಾರಂ ಡಬ್ಬಿಯಲ್ಲೇ ಇರಲಿ. ಅನೇಕ ಮಾದರಿಗಳು ಬ್ಯಾಟರಿ ಇಲ್ಲದಿದ್ದರೆ ಬೇಸಿಗೆ ಕಚ್ಚಿಕೊಳ್ಳುವುದೇ ಇಲ್ಲ. ಅದು ಬೇಕೆಂದೇ ಮಾಡಿದ್ದು, ಬಲವಂತ ಮಾಡಬೇಡಿ. ಕೂರಿಸುವ ಮುನ್ನ ಹಿಂಬದಿಯ ತಯಾರಿಕೆ ದಿನಾಂಕವನ್ನು ಮಾರ್ಕರ್‌ನಿಂದ ಪಕ್ಕದಲ್ಲಿ, ಕೆಳಗಿನಿಂದ ಕಾಣುವಂತೆ ಬರೆದಿಡಿ.

ನೋಡಿಕೊಳ್ಳುವುದು

ತಿಂಗಳಿಗೊಮ್ಮೆ ಟೆಸ್ಟ್ ಗುಂಡಿಯನ್ನು ಶಬ್ದ ಬರುವವರೆಗೂ ಒತ್ತಿ ಹಿಡಿಯಿರಿ. ಇಂಟರ್‌ಲಿಂಕ್ ಇದ್ದರೆ ಪ್ರತಿ ತಿಂಗಳು ಬೇರೆ ಅಲಾರಂನಿಂದ ಶುರುಮಾಡಿ, ಮನೆಯವರೊಬ್ಬರು ದೂರದ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೇಳಲಿ. ಬೆಂಕಿಕಡ್ಡಿ, ಸುಟ್ಟ ಕಾಗದದ ಹೊಗೆಯಿಂದ ಪರೀಕ್ಷಿಸಬೇಡಿ. ಮಸಿ ಒಳಗೆ ಕೂತು ಸೆನ್ಸರ್ ಹಾಳಾಗುತ್ತದೆ. ಹೊಗೆಯಿಂದಲೇ ನೋಡಬೇಕೆಂದರೆ ಅದಕ್ಕೆಂದೇ ಬರುವ ಟೆಸ್ಟ್ ಸ್ಪ್ರೇ ಬಳಸಿ.

ಆರು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಕ್ಲೀನರಿನ ಮೆತ್ತನೆ ಬ್ರಷ್‌ನಿಂದ ಸುತ್ತಲಿನ ಸೀಳುಗಳ ಧೂಳು ಎಳೆಯಿರಿ, ಹೊರಮೈಯನ್ನು ಒಣ ಬಟ್ಟೆಯಲ್ಲಿ ಒರೆಸಿ. ನೀರು, ಕ್ಲೀನರ್, ಕೀಟನಾಶಕದ ಸ್ಪ್ರೇ ಯಾವುದೂ ತಾಗಬಾರದು. ಕಾರಣವಿಲ್ಲದೆ ಕೂಗುವ ಫೋಟೋಎಲೆಕ್ಟ್ರಿಕ್ ಅಲಾರಂನಲ್ಲಿ ಹೆಚ್ಚಾಗಿ ಧೂಳು, ಜೇಡರ ಎಳೆ ಅಥವಾ ಸಣ್ಣ ಹುಳು ಸಿಗುತ್ತದೆ. ಮನೆಗೆ ಬಣ್ಣ ಹೊಡೆಯುವಾಗ, ಗೋಡೆ ಉಜ್ಜುವಾಗ ಪ್ಲಾಸ್ಟಿಕ್ ಚೀಲ ಕಟ್ಟಿ ಮುಚ್ಚಿ, ಆ ದಿನದ ಕೆಲಸ ಮುಗಿದ ಕೂಡಲೇ ಬಿಚ್ಚಿ. ಅಲಾರಂಗೇ ಬಣ್ಣ ಬಳಿದರೆ ಹೊಗೆ ಹೋಗುವ ಸೀಳು ಮುಚ್ಚಿಹೋಗುತ್ತದೆ; ಅಂಥದನ್ನು ಬದಲಿಸಲೇಬೇಕು.

ಅರ್ಧ ಅಥವಾ ಒಂದು ನಿಮಿಷಕ್ಕೊಮ್ಮೆ "ಚಿಪ್" ಎಂದರೆ ಬ್ಯಾಟರಿ ಮುಗಿಯುತ್ತಿದೆ ಎಂದರ್ಥ. ಇದು ಹೆಚ್ಚಾಗಿ ಬೆಳಗಿನ ಜಾವಕ್ಕೇ ಶುರುವಾಗುವುದೇಕೆಂದರೆ, ತಂಪಿಗೆ ಬ್ಯಾಟರಿಯ ಒಳರೋಧ ಹೆಚ್ಚಿ ವೋಲ್ಟೇಜು ಇಳಿಯುತ್ತದೆ. ಹಗಲು ಬಿಸಿಯೇರಿದ ಮೇಲೆ ಸದ್ದು ನಿಂತರೆ ಸರಿಹೋಯಿತೆಂದು ಬಿಡಬೇಡಿ. ಕೈಪಿಡಿಯಲ್ಲಿ ಹೇಳಿದ ಆಲ್ಕಲೈನ್ ಅಥವಾ ಲಿಥಿಯಂ ಬ್ಯಾಟರಿಯನ್ನೇ ಹಾಕಿ. ರೀಚಾರ್ಜ್ ಮಾಡುವಂಥದು ಬೇಡ, ಅದು ಸಾಕಷ್ಟು ದಿನ ಎಚ್ಚರಿಕೆ ಕೊಡದೆ ಒಮ್ಮೆಲೇ ಕುಸಿಯುತ್ತದೆ. ಹೊಸ ಬ್ಯಾಟರಿ ಹಾಕಿದ ಮೇಲೂ ಚಿಪ್ ಸದ್ದು ನಿಲ್ಲದಿದ್ದರೆ ಬ್ಯಾಟರಿ ತೆಗೆದು, ಟೆಸ್ಟ್ ಗುಂಡಿಯನ್ನು 20 ಸೆಕೆಂಡು ಒತ್ತಿ ಹಿಡಿದು ಉಳಿದ ಚಾರ್ಜ್ ಇಳಿಸಿ, ಮತ್ತೆ ಹಾಕಿ. ಆಗಲೂ ನಿಲ್ಲದಿದ್ದರೆ ಆಯುಸ್ಸು ಮುಗಿದಿರಬಹುದು, ದಿನಾಂಕ ನೋಡಿ.

ಅಡುಗೆಯ ಹೊಗೆಗೆ ಕೂಗಿದಾಗ ಹಶ್ ಗುಂಡಿ ಒತ್ತಿದರೆ ಸುಮಾರು 10 ನಿಮಿಷ ಸುಮ್ಮನಾಗಿ ತಾನೇ ಮತ್ತೆ ಎಚ್ಚರಗೊಳ್ಳುತ್ತದೆ. ಪದೇ ಪದೇ ಹೀಗಾದರೆ ಅಲಾರಂನ ಜಾಗವನ್ನೋ ಬಗೆಯನ್ನೋ ಬದಲಿಸಿ. ಬ್ಯಾಟರಿಗೆ ಮಾತ್ರ ಕೈ ಹಚ್ಚಬೇಡಿ.

ಸ್ಮೋಕ್ ಅಲಾರಂನ ಆಯುಸ್ಸು ತಯಾರಾದ ದಿನದಿಂದ 10 ವರ್ಷ, ಕೊಂಡ ದಿನದಿಂದ ಅಲ್ಲ. ಅಷ್ಟರಲ್ಲಿ ಸೆನ್ಸರ್‌ಗೆ ಧೂಳು ಕೂತು, ಬಿಡಿಭಾಗಗಳು ಸವೆದು ಸ್ಪಂದನೆ ನಂಬುವಂತಿರುವುದಿಲ್ಲ. ಗುಂಡಿ ಒತ್ತಿದಾಗ ಜೋರಾಗಿ ಕೂಗಿದರೂ ಬದಲಿಸಿ. ಹಳೆಯದು ಅಯೊನೈಸೇಶನ್ ಬಗೆಯದಾದರೆ ಬಿಚ್ಚಬೇಡಿ, ಸುಡಬೇಡಿ. ತಯಾರಕರಿಗೆ ಹಿಂದಿರುಗಿಸಿ, ಇಲ್ಲವೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಳಗೆ ಅಮೆರಿಸಿಯಂ ಇದೆ ಎಂದು ತಿಳಿಸಿ, ಅವರು ಒಪ್ಪಿದರೆ ಕೊಡಿ. ಮುಚ್ಚಿದ ಲಿಥಿಯಂ ಮಾದರಿಯ ಹಿಂದೆ ಆಫ್ ಮಾಡುವ ಸಣ್ಣ ಕೀಲಿ ಇರುತ್ತದೆ. ಸ್ಕ್ರೂಡ್ರೈವರ್‌ನಿಂದ ಅದನ್ನು ತಿರುಗಿಸಿದ ಮೇಲೆಯೇ ಮನೆಯಿಂದ ಹೊರಗೆ ಹಾಕಿ.